ಚಟ್ನಿ ಸ್ಯಾಂಡ್‌ವಿಚ್‌ಗೆ ಬಿಳಿ ವೈನ್, ಕಬಾಬ್ ರೋಲ್‌ಗೆ ಕೆಂಪು

ಖಾರದ ಚಿಕನ್ ಬರ್ಗರ್ ತರಿಸಿಕೊಂಡು ಪಕ್ಕದಲ್ಲಿ ಕೆಂಪು ವೈನ್ ತೆರೆಯಲು ಹೊರಟವರನ್ನು ಕಂಡರೆ ನಾನು ತಡೆಯುತ್ತೇನೆ. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಎಂಬ ನಿಯಮ ಹುಟ್ಟಿದ್ದು ಹಸಿಮೆಣಸಿನಕಾಯಿ ಇಲ್ಲದ ಊಟದ ಮೇಜುಗಳಲ್ಲಿ. ಬೆಂಗಳೂರಿನಲ್ಲಿ ಸಿಗುವ ಸ್ಯಾಂಡ್‌ವಿಚ್, ಬರ್ಗರ್‌ಗಳಲ್ಲಿ ಬಹುಪಾಲು ಖಾರ, ಹುಳಿ, ಎಣ್ಣೆ ಈ ಮೂರನ್ನು ನಂಬಿವೆ. ಅವುಗಳ ಜೊತೆಗೆ ಯಾವ ವೈನ್ ಕುಡಿಯಬೇಕು ಎಂಬುದನ್ನು ಮೊದಲು ನಿರ್ಧರಿಸುವುದು ಮಾಂಸವಲ್ಲ, ಮೆಣಸಿನಕಾಯಿ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ಕಾರಣವನ್ನು ಹೇಳದೆ ಮುಂದೆ ಹೋಗಲಾರೆ. ಬಿಸಿ ಮುಟ್ಟಿದಾಗ ಎಚ್ಚೆತ್ತುಕೊಳ್ಳುವ ಒಂದು ಗ್ರಾಹಕ, ಅಂದರೆ ಸಂವೇದನೆಯನ್ನು ಗುರುತಿಸುವ ರಿಸೆಪ್ಟರ್, ನಮ್ಮ ನಾಲಿಗೆಯಲ್ಲಿದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಹೋಗಿ ಅಂಟಿಕೊಳ್ಳುವುದು ಅದಕ್ಕೇ. ಖಾರವು ಉರಿಯಾಗಿ ತೋರುವುದು ಇದರಿಂದ. ಆಲ್ಕೋಹಾಲ್ ಆ ಗ್ರಾಹಕವನ್ನು ಇನ್ನಷ್ಟು ಕೆರಳಿಸುತ್ತದೆ. ಕೆಂಪು ವೈನಿನಲ್ಲಿ ಇದರ ಜೊತೆಗೆ ದ್ರಾಕ್ಷಿ ಸಿಪ್ಪೆಯಿಂದ ಬಂದ ಟ್ಯಾನಿನ್‌ನ ಒಗರು ಬೇರೆ. ಉರಿಯುವ ಬಾಯಿಗೆ ಆ ಒಗರು ಕಹಿಯಾಗಿ ತಾಗುತ್ತದೆ. ಆಲ್ಕೋಹಾಲ್ ಮಿತವಾಗಿರುವ, ತುಸು ಸಿಹಿಯುಳ್ಳ, ಚೆನ್ನಾಗಿ ತಣ್ಣಗಾದ ಬಿಳಿ ವೈನ್ ಆ ಉರಿಯನ್ನು ಶಮನಗೊಳಿಸುತ್ತದೆ.

ಬಾಟಲಿಗೆ ಸಾವಿರ ರೂಪಾಯಿಯ ಆಸುಪಾಸು ಎಂಬ ಮಿತಿ ಇಟ್ಟುಕೊಂಡು ನಾನು ಮೊದಲು ಹೆಸರಿಸುವುದು ಸುಲಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು. ಸುಲಾ ನಾಸಿಕ್‌ನ ಕಂಪನಿ. ನಮ್ಮ ಚನ್ನಪಟ್ಟಣದ ಬಳಿಯೂ ಅದರದೊಂದು ವೈನರಿ ಇದೆ. ಈ ವೈನ್ ಸ್ವಲ್ಪ ಸಿಹಿ, ಹಣ್ಣಾದ ಅನಾನಸಿನ ಕಂಪು. ಒಂಟಿಯಾಗಿ ಕುಡಿದರೆ ನನಗೆ ಆ ಸಿಹಿ ಒಂದು ಗುಟುಕು ಹೆಚ್ಚೇ ಅನ್ನಿಸುತ್ತದೆ. ಮ್ಯಾಕ್‌ಡೊನಾಲ್ಡ್ಸ್‌ನ ಮ್ಯಾಕ್‌ಸ್ಪೈಸಿ ಪನೀರ್ ಜೊತೆಗೆ ಕುಡಿದಾಗ ಅದೇ ಸಿಹಿ ಸರಿಯಾದ ಅಳತೆಗೆ ಬರುತ್ತದೆ. ಪನೀರಿನ ಹೊರಕವಚದ ಖಾರ ತಗ್ಗುತ್ತದೆ, ಒಳಗಿನ ಹಾಲಿನ ರುಚಿ ಮುಂದೆ ಬರುತ್ತದೆ. ಅಯ್ಯಂಗಾರ್ ಬೇಕರಿಯ ಮಸಾಲಾ ಟೋಸ್ಟ್‌ಗೂ ಇದನ್ನೇ ಹೇಳುತ್ತೇನೆ. ಬಾಡಿಸಿದ ಈರುಳ್ಳಿಗೂ ಕ್ಯಾರೆಟ್ಟಿಗೂ ತಮ್ಮದೇ ಸಿಹಿ ಇದೆ, ವೈನ್ ಅದರ ಜೊತೆ ಸೇರಿಕೊಳ್ಳುತ್ತದೆ. ಇಬ್ಬರೇ ಇದ್ದರೆ 375 ಮಿಲಿಲೀಟರಿನ ಅರ್ಧ ಬಾಟಲಿ ಸಾಕು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ರಸ್ತೆಬದಿಯ ಗಾಡಿಯದು. ಬೆಣ್ಣೆ ಸವರಿದ ಬ್ರೆಡ್, ಅದರ ಮೇಲೆ ಧಾರಾಳವಾಗಿ ಹಸಿರು ಚಟ್ನಿ, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಬೀಟ್‌ರೂಟ್, ಈರುಳ್ಳಿ, ಟೊಮೆಟೊ, ಚಾಟ್ ಮಸಾಲೆ. ಬಾಂಬೆ ಸ್ಯಾಂಡ್‌ವಿಚ್ ಎಂದು ನಮ್ಮಲ್ಲಿ ಕರೆಯುವ ಇದಕ್ಕೆ ಸಾವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್ ಬೇಕು. ಗ್ರೋವರ್ ಜಂಪಾ ಎಂಬ ವೈನ್ ಕಂಪನಿಯ ಆರ್ಟ್ ಕಲೆಕ್ಷನ್ ಸಾಲಿನಲ್ಲಿ ಒಂದಿದೆ, ನಾನು ತರುವುದು ಅದನ್ನೇ. ದೊಣ್ಣೆಮೆಣಸಿನಕಾಯಿಯನ್ನು ಹೆಚ್ಚಿದಾಗ ಮೂಗಿಗೆ ಬರುವ ಹಸಿರು ವಾಸನೆಗೆ ಪೈರಜೀನ್ ಎಂಬ ಅಣುಗಳು ಕಾರಣ. ಸಾವಿನ್ಯೋನ್ ದ್ರಾಕ್ಷಿಯಲ್ಲಿಯೂ ಅವು ಇವೆ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಅರೆದ ಚಟ್ನಿಯ ಎದುರಿಗೆ ಆ ವೈನ್ ಇಟ್ಟರೆ ಎರಡೂ ಒಂದೇ ತೋಟದಿಂದ ಬಂದಂತೆ ತೋರುತ್ತವೆ. ‘ಲೋಟದಲ್ಲೂ ಚಟ್ನಿಯ ವಾಸನೆಯೇ ಇದೆಯಲ್ರೀ’ ಎಂದು ನನ್ನ ಹೆಂಡತಿ ಆಶ್ಚರ್ಯಪಟ್ಟಳು. ಅವಳ ಮೂಗು ನನ್ನದಕ್ಕಿಂತ ಚುರುಕು. ವೈನಿನ ಹುಳಿ ಬೆಣ್ಣೆಯ ಜಿಡ್ಡನ್ನು ಪ್ರತಿ ಗುಟುಕಿಗೂ ತೊಳೆಯುತ್ತದೆ. ಬೀಟ್‌ರೂಟಿನ ಮಣ್ಣಿನ ವಾಸನೆಯೂ ಹಗುರವಾಗುತ್ತದೆ. ಗಾಡಿಯವರಿಗೆ ಒಂದು ಮಾತು ಮರೆಯದೆ ಹೇಳಿ: ಕೆಚಪ್ ಬೇಡ. ಅದರ ಸಕ್ಕರೆ ಮತ್ತು ವಿನೆಗರ್ ನಾಲಿಗೆಯ ಮೇಲಿದ್ದರೆ ಸಿಹಿಯಿಲ್ಲದ ಯಾವ ವೈನೂ ಬರೀ ಹುಳಿನೀರು.

ಮ್ಯಾಕ್‌ಆಲೂ ಟಿಕ್ಕಿಗೆ ನೊರೆಯುಳ್ಳ ವೈನ್. ಆಲೂಗಡ್ಡೆ, ಬಟಾಣಿ, ಎಣ್ಣೆ, ಉಪ್ಪು, ಖಾರ ಕಡಿಮೆ. ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ತಯಾರಿಸುವ ಸುಲಾ ಬ್ರೂಟ್‌ನ ಗುಳ್ಳೆಗಳು ಆ ಎಣ್ಣೆಯನ್ನು ಕೆತ್ತಿ ತೆಗೆಯುತ್ತವೆ, ಉಪ್ಪು ವೈನಿನ ಹುಳಿಯನ್ನು ಮೃದುವಾಗಿಸುತ್ತದೆ. ಬೆಲೆ ನನ್ನ ಮಿತಿಯನ್ನು ದಾಟುತ್ತದೆ, ನಿಜ. ತೆರೆದ ಮೇಲೆ ಗುಳ್ಳೆ ಉಳಿಯುವುದೂ ಇಲ್ಲ. ನಾಲ್ವರು ಸೇರಿದ ದಿನಕ್ಕೆ ಇಟ್ಟುಕೊಳ್ಳಿ.

ಕೆಂಪು ವೈನಿಗೂ ಜಾಗವಿದೆ. ಶಿವಾಜಿನಗರದ ಕಡೆ ಸಿಗುವ ಮಟನ್ ಶೀಕ್ ಕಬಾಬ್ ರೋಲ್‌ನಲ್ಲಿ ಕೊಬ್ಬೂ ಪ್ರೋಟೀನೂ ತುಂಬಿವೆ. ಟ್ಯಾನಿನ್ ಆ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಒಗರು ಇಳಿಯುತ್ತದೆ. ಎರಡು ಕೆಂಪು ವೈನ್ ದ್ರಾಕ್ಷಿಗಳನ್ನು ಬೆರೆಸಿದ ಗ್ರೋವರ್‌ನ ಕ್ಯಾಬರ್ನೆ-ಶಿರಾಜ್ ಇಲ್ಲಿ ಘನವಾಗಿ ನಿಲ್ಲುತ್ತದೆ. ಕೆಂಡದ ಹೊಗೆಯ ವಾಸನೆಗೆ ಶಿರಾಜ್‌ನ ಕರಿಮೆಣಸಿನ ಕಂಪು ಒಪ್ಪುತ್ತದೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಕೆಂಪನ್ನೂ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಬರ್ಗರ್ ಅಂಗಡಿಯಲ್ಲಿ ಬಾಟಲಿ ತೆರೆಯುವಂತಿಲ್ಲ, ಆದ್ದರಿಂದ ಎಲ್ಲವೂ ಪಾರ್ಸೆಲ್. ಪೊಟ್ಟಣದೊಳಗಿನ ಆವಿಯಲ್ಲಿ ಬನ್ ಬೇಗ ಮೆತ್ತಗಾಗುತ್ತದೆ; ವೈನನ್ನು ಮೊದಲು ತಣ್ಣಗಾಗಿಸಿ, ಆಮೇಲೆ ಸ್ಯಾಂಡ್‌ವಿಚ್ ತನ್ನಿ. ಅವಸರವಿದ್ದರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಅದರಲ್ಲಿ ಮುಳುಗಿಸಿ. ಫ್ರಿಜ್‌ಗಿಂತ ಬಹಳ ಬೇಗ ತಣ್ಣಗಾಗುತ್ತದೆ. ಉದ್ದ ಕಾಲುಳ್ಳ ವೈನ್ ಲೋಟ ಇಲ್ಲದಿದ್ದರೆ ಮನೆಯ ಗಾಜಿನ ಲೋಟವೇ ಆಗಬಹುದು, ಮೂರನೆಯ ಒಂದು ಭಾಗ ಮಾತ್ರ ತುಂಬಿಸಿ. ಕಂಪು ಕೂಡಿಕೊಳ್ಳಲು ಮೇಲೆ ಜಾಗ ಬೇಕು.

ಕೊಳ್ಳುವಾಗಲೂ ನೋಡಿಕೊಳ್ಳಬೇಕು. ನಮ್ಮ ಬಡಾವಣೆಯ ಒಂದು ಅಂಗಡಿಯಲ್ಲಿ ಬಿಳಿ ವೈನ್ ಬಾಟಲಿಗಳು ಗಾಜಿನ ಕಪಾಟಿನಲ್ಲಿ, ಬಿಸಿ ದೀಪದ ಕೆಳಗೆ, ಧೂಳು ಹಿಡಿದು ನಿಂತಿರುತ್ತವೆ. ಅಲ್ಲಿಂದ ತಂದದ್ದರಲ್ಲಿ ಹಣ್ಣಿನ ಕಂಪೇ ಇರಲಿಲ್ಲ, ಒಣಗಿದ ಸೇಬಿನ ವಾಸನೆ ಮಾತ್ರ. ಈ ಬೆಲೆಯ ಬಿಳಿ ವೈನ್ ಇಟ್ಟಷ್ಟೂ ಸೊರಗುತ್ತದೆ. ಚೀಟಿಯ ಮೇಲಿನ ವರ್ಷ ಓದಿ, ಹೊಸದನ್ನೇ ಕೇಳಿ ಪಡೆಯಿರಿ.

ನಾನು ದೊಡ್ಡಬಳ್ಳಾಪುರದ ಕಡೆಯವನು. ಗ್ರೋವರ್‌ನ ತೋಟಗಳಿರುವುದೂ ಆ ಸೀಮೆಯಲ್ಲೇ. ನಮ್ಮ ತಂದೆ ಬೆಳೆಯುತ್ತಿದ್ದದ್ದು ಮಾತ್ರ ಫ್ರೆಂಚ್ ತಳಿಯಲ್ಲ, ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ. ಅದರಿಂದ ಅಗ್ಗದ ಸಿಹಿ ಕೆಂಪು ವೈನ್ ತಯಾರಾಗುತ್ತದೆ. ಆ ಹಣ್ಣಿನ ಗಾಢ ಪರಿಮಳ ನನಗೆ ಪ್ರಾಣ, ಆದರೂ ನಾನು ಕುಡಿದು ನೋಡಿದ ಸಿಹಿ ವೈನ್‌ಗಳು ಸ್ಯಾಂಡ್‌ವಿಚ್‌ಗೆ ಹೊಂದಲಿಲ್ಲ: ಸಿಹಿ ಇದೆ, ಅದನ್ನು ಎತ್ತಿ ಹಿಡಿಯುವ ಹುಳಿ ಸಾಲದು. ಇದೇ ದ್ರಾಕ್ಷಿಯನ್ನು ಸ್ವಲ್ಪ ಮುಂಚೆ, ಹುಳಿ ಇರುವಾಗಲೇ ಕೊಯ್ದು, ಸಿಹಿ ತಗ್ಗಿಸಿ, ಗುಲಾಬಿ ಬಣ್ಣದ ನೊರೆಯುವ ವೈನ್ ಮಾಡುವವರು ಬೇಕು. ಬೇಕರಿಯ ಖಾರದ ಬನ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ಹೊಳೆಯುತ್ತಿಲ್ಲ. ಯಾರಾದರೂ ಮಾಡಿದರೆ ಮೊದಲ ಪೆಟ್ಟಿಗೆಯ ಹಣವನ್ನು ನಾನು ಮುಂಗಡವಾಗಿ ಕೊಡುತ್ತೇನೆ.