ಪದಕಕ್ಕೆ ಗಾರ್ನೆಟ್ ಕೂರಿಸುವ ಮೂರು ಬಗೆ: ಕೊಡಗಿನ ಮಳೆಗಾಲಕ್ಕೆ ಯಾವುದು ಬಾಳುತ್ತದೆ?

ಹೋಲಿಕೆಗೆ ತೆಗೆದುಕೊಂಡಿದ್ದು ಒಂದೇ ಅಳತೆಯ ಹರಳು: 10×8 ಮಿ.ಮೀ. ಅಂಡಾಕಾರದ, ಮೇಲೆ ಉಬ್ಬಾಗಿ ಉಜ್ಜಿದ ಅಲ್ಮಂಡೈನ್ ಗಾರ್ನೆಟ್, ದಪ್ಪ 4 ಮಿ.ಮೀ. ವಿನ್ಯಾಸಕ್ಕೆ ಮಾದರಿ ಕೊಡಗಿನ ನೆಲದಡಿಯ ಪಟ್ಟೆ ಪಟ್ಟೆಯ ನೈಸ್ (gneiss) ಶಿಲೆ, 300 ಕೋಟಿ ವರ್ಷಕ್ಕೂ ಹಳೆಯದು. ಇಂಥ ಶಿಲೆಯಲ್ಲಿ ಗಾರ್ನೆಟ್ ಬೆಳೆದ ಕಡೆ ಪಟ್ಟೆಗಳು ಅದರ ಸುತ್ತ ಬಳುಕಿ ಹೋಗಿರುತ್ತವೆ. ಪದಕದ ಮೇಲೂ ಗೆರೆಗಳನ್ನು ಹಾಗೇ ಬಳುಕಿಸಬೇಕು. ನೇರ ಗೆರೆ ಎಳೆದು ನಡುವೆ ಹರಳು ಇಟ್ಟರೆ ತಂದು ಅಂಟಿಸಿದಂತೆ ಕಾಣುತ್ತದೆ.

ಮೊದಲನೆಯದು ಬೆಳ್ಳಿ ಪಟ್ಟಿಯ ಗೂಡು, ಅಂದರೆ ಬೆಜೆಲ್. ತಳಕ್ಕೆ 925 (ಅಂದರೆ ಶೇ. 92.5 ಶುದ್ಧ) ಬೆಳ್ಳಿಯ 0.8 ಮಿ.ಮೀ. ತಗಡು, 24×20 ಮಿ.ಮೀ. ಅಂಡಾಕಾರ. ಹರಳಿನ ಸುತ್ತಿನ ಪಟ್ಟಿ 99.9 ಶುದ್ಧ ಬೆಳ್ಳಿಯದೇ ಆಗಬೇಕು, 0.3 ಮಿ.ಮೀ. ದಪ್ಪ, 925ರ ಪಟ್ಟಿ ಗಡಸು, ಒತ್ತಿದರೆ ಸುಲಭಕ್ಕೆ ಬಾಗುವುದಿಲ್ಲ. ಈ ಹರಳಿಗೆ ಸುಮಾರು 29.5 ಮಿ.ಮೀ. ಉದ್ದ ಬೇಕು. ಪಟ್ಟಿ ಹರಳಿನ ಉಬ್ಬು ಒಳಕ್ಕೆ ತಿರುಗುವ ಜಾಗವನ್ನು ಚೂರು ದಾಟಿ ನಿಲ್ಲಬೇಕು. ಎತ್ತರ ಹೆಚ್ಚಾದರೆ ಒತ್ತುವಾಗ ಸುಕ್ಕು ಬೀಳುತ್ತದೆ, ಕಡಿಮೆಯಾದರೆ ಹರಳು ಅಲ್ಲಾಡುತ್ತದೆ.

ಗೆರೆಗಳನ್ನು ಮೊದಲೇ ಉಳಿಯಿಂದ ಕೊರೆದಿಡಿ. ಬೆಸುಗೆಯ ಕ್ರಮವನ್ನು ಹಿಂದುಮುಂದು ಮಾಡಬೇಡಿ: ಪಟ್ಟಿಯ ಸೇರಿಕೆಗೆ ಗಟ್ಟಿ (ಹೆಚ್ಚು ಕಾವಿಗೆ ಕರಗುವ) ಬೆಸುಗೆ, ಪಟ್ಟಿಯನ್ನು ತಗಡಿಗೆ ಕೂರಿಸಲು ಮಧ್ಯಮ, ಸರ ಪೋಣಿಸುವ ಮೇಲಿನ ಬಳೆಗೆ ಬೇಗ ಕರಗುವಂಥದ್ದು. ಬಿಳಿಗಾರ ಹಚ್ಚಿ, ಬೆಂಕಿಯನ್ನು ತಗಡಿನ ಕಡೆಯಿಂದ ಕೊಡಿ. ತೆಳು ಪಟ್ಟಿ ತಗಡಿಗಿಂತ ಬೇಗ ಕಾಯುತ್ತದೆ; ಉರಿ ನೇರ ಅದರ ಮೇಲೆ ಬಿದ್ದರೆ ತಗಡು ಕೆಂಪಾಗುವಷ್ಟರಲ್ಲಿ ಪಟ್ಟಿ ಕುಸಿದಿರುತ್ತದೆ. ಕಪ್ಪು ಬಣ್ಣ ಕೊಡುವುದು ಹರಳು ಕೂರಿಸುವ ಮೊದಲು. ಲಿವರ್ ಆಫ್ ಸಲ್ಫರ್ (ಬೆಳ್ಳಿಯನ್ನು ಕಪ್ಪಾಗಿಸುವ ಗಂಧಕದ ರಾಸಾಯನಿಕ) ಹಾಕಿದ ಬಿಸಿನೀರಿನಲ್ಲಿ ಅದ್ದಿ ತೆಗೆದು, ಮೇಲ್ಮೈ ಉಜ್ಜಿದರೆ ಗೆರೆಯೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಕೊನೆಗೆ ಪಟ್ಟಿಯನ್ನು ಎದುರುಬದುರು ನಾಲ್ಕು ಕಡೆ ಒತ್ತಿ, ಆಮೇಲೆ ನಡುವೆ ಉಳಿದ ಭಾಗಗಳನ್ನು ಒತ್ತಿ. ಒಂದು ಕಡೆಯಿಂದಲೇ ಸುತ್ತಿಕೊಂಡು ಬಂದರೆ ಹರಳು ಓರೆಯಾಗುತ್ತದೆ.

ಅಲ್ಮಂಡೈನ್ ಕಡುಕೆಂಪು. 4 ಮಿ.ಮೀ. ದಪ್ಪದ್ದು ಮುಚ್ಚಿದ ತಗಡಿನ ಮೇಲೆ ಕೂತರೆ ಕಪ್ಪಾಗಿಯೇ ಕಾಣುತ್ತದೆ. ಇದಕ್ಕೆ ಎರಡು ಪರಿಹಾರ ಇವೆ, ಎರಡನ್ನೂ ಸೇರಿಸಿ ಮಾಡಿದರೆ ಫಲ ಸ್ಪಷ್ಟ. ಹರಳಿನ ಹಿಂಬದಿಯನ್ನು ಬಟ್ಟಲಿನಂತೆ ಕೊರೆಸಿ ನಡುವಿನ ದಪ್ಪವನ್ನು 2 ಮಿ.ಮೀ.ಗೆ ಇಳಿಸಿ; ಹಳೆಯ ಕಾಲದ ಗಾರ್ನೆಟ್‌ಗಳನ್ನು ಹೀಗೆ ಕೊರೆಯುತ್ತಿದ್ದರು. ಜೊತೆಗೆ ತಗಡಿನಲ್ಲಿ 7×5 ಮಿ.ಮೀ. ಕಿಂಡಿ ಕತ್ತರಿಸಿ. ಸುತ್ತ ಉಳಿಯುವ 1.5 ಮಿ.ಮೀ. ಅಂಚಿನ ಮೇಲೆ ಹರಳು ಕೂರುತ್ತದೆ. ಕಿಂಡಿಯಲ್ಲಿ ಬೆವರು, ಸೋಪು ಸೇರುವುದು ನಿಜ, ಆದರೆ ಮೆತ್ತನೆ ಬ್ರಷ್‌ನಿಂದ ತೊಳೆದು ಒಣಗಿಸಿದರೆ ಹೋಗುತ್ತದೆ.

ಎರಡನೆಯದು ತಂತಿ ಸುತ್ತು. ಬೆಂಕಿ ಬೇಡ, ಇಕ್ಕಳ ಇದ್ದರೆ ಸಾಕು. ಬೆಳ್ಳಿಯೂ ಉಳಿಯುತ್ತದೆ ಎನ್ನುವ ಮಾತು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ: 0.8 ಮಿ.ಮೀ. ತಂತಿ 45 ಸೆಂ.ಮೀ., 0.4 ಮಿ.ಮೀ. ತಂತಿ ಒಂದೂವರೆ ಮೀಟರ್ ಸೇರಿ 4 ಗ್ರಾಂ ದಾಟುತ್ತದೆ. ಮೇಲಿನ ಬೆಜೆಲ್ ಪದಕಕ್ಕೆ 4 ಗ್ರಾಂ ಒಳಗೇ ಆಗುತ್ತದೆ. ನುಣುಪಾದ ಉಬ್ಬು ಹರಳಿಗೆ ತಂತಿಯ ಹಿಡಿತ ಸಾಲದು, ಜಾರುತ್ತದೆ. ಕತ್ತರಿಸದ, ಹನ್ನೆರಡು ಮುಖದ ಗಾರ್ನೆಟ್‌ಗೆ ಇದರಷ್ಟು ಒಪ್ಪುವುದು ಬೇರೆ ಇಲ್ಲ, ಮುಖಗಳ ಅಂಚಿಗೆ ತಂತಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನೀಲಿ ಕಯನೈಟ್‌ಗೆ ಇದನ್ನು ಬಳಸಲೇಬೇಡಿ. ಆ ಕಲ್ಲು ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಲಾಗಿ ಬಿಗಿದ ತಂತಿಗೆ ಪದರ ಏಳುತ್ತದೆ. ಮಳೆಗಾಲದಲ್ಲಿ ಸುರುಳಿಗಳ ಸಂದು ಕಪ್ಪಾದರೆ ಉಜ್ಜಲು ಬಟ್ಟೆ ಒಳಗೆ ಹೋಗುವುದಿಲ್ಲ. ಸ್ವೆಟರ್‌ನ ಎಳೆಯೂ ಸಿಕ್ಕಿಕೊಳ್ಳುತ್ತದೆ. ಮಡಿಕೇರಿಯ ಚಳಿಯಲ್ಲಿ ಇದು ಸಣ್ಣ ತೊಂದರೆಯಲ್ಲ. ಬೆಳ್ಳಿ ನೀರು ಹಾಕಿದ ತಾಮ್ರದ ತಂತಿಯಂತೂ ನೀರು ಸವೆದ ಕಡೆ ಹಸಿರು ಕಟ್ಟುತ್ತದೆ.

ಮೂರನೆಯದು ಹಿಂಬದಿ ಮುಚ್ಚಿ, ಒಳಗೆ ಅರಗು ತುಂಬಿ, ಹರಳಿನಡಿ ಹೊಳಪಿನ ರೇಕು ಇಡುವ ಹಳೆಯ ಪದ್ಧತಿ. ಕೊಡವರ ಕೊರಳ ಸರವಾದ ಜೋಮಾಲೆಯ ಟೊಳ್ಳು ಚಿನ್ನದ ಮಣಿಗಳೊಳಗೂ ಅರಗೇ ಇರುವುದು. ತೆಳು ತಗಡು ನೆಗ್ಗದಂತೆ ಅದು ಒಳಗಿನಿಂದ ತಡೆಯುತ್ತದೆ. ಹೊಸದಾಗಿದ್ದಾಗ ಗಾರ್ನೆಟ್‌ನ ಕೆಂಪು ಮೂರರಲ್ಲೂ ಇಲ್ಲೇ ಅತಿ ಚೆಂದ, ರೇಕು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಆದರೆ ಅಂಚಿನಿಂದ ತೇವ ಒಳಗೆ ಇಳಿದರೆ ಬೆಳ್ಳಿ ರೇಕು ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ. ಬಿಚ್ಚದೆ ಅದಕ್ಕೆ ಮದ್ದಿಲ್ಲ. ಚಿನ್ನದ ರೇಕಿಗೆ ಈ ಕಷ್ಟ ಇಲ್ಲ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಹಾಗಾಗಿ ಬಿಸಿನೀರಿನ ಸ್ನಾನ, ಬಿಸಿಲಲ್ಲಿ ನಿಂತ ಕಾರು, ಅಂಗಡಿಯ ಅಲ್ಟ್ರಾಸಾನಿಕ್ ತೊಳೆತ ಮೂರೂ ದೂರ. ಸುಗ್ಗಿ ಹಬ್ಬ ಪುತ್ತರಿಗೆ, ಮದುವೆಗೆ ತೆಗೆದು ಹಾಕುವ ಒಡವೆಗೆ ಇದನ್ನೇ ಮಾಡಿಸಿ. ದಿನಾ ಹಾಕಿಕೊಂಡು ತೋಟಕ್ಕೆ, ಕೆಲಸಕ್ಕೆ ಹೋಗುವವರಿಗೆ ಕಿಂಡಿ ಬಿಟ್ಟ ಬೆಜೆಲ್ ಒಂದೇ ಸರಿ.

ಕರ್ನಾಟಕದ್ದೇ ಆದ, ಹಸಿರು ಫುಕ್ಸೈಟ್ (ಒಂದು ಬಗೆಯ ಅಭ್ರಕ) ನಡುವೆ ಕೆಂಪು ಮಾಣಿಕ್ಯ ಇರುವ ಕಲ್ಲಿಗೂ ಬೆಜೆಲ್ಲೇ ಬೇಕು, ಆದರೆ ಕೈ ಹಗುರವಾಗಿರಲಿ. 10ರವರೆಗಿನ ಮೋಸ್ ಮಾಪನದಲ್ಲಿ ಮಾಣಿಕ್ಯದ ಗಡಸುತನ 9, ಫುಕ್ಸೈಟ್‌ನದು 2ರಿಂದ 3. ಉಜ್ಜುವಾಗ ಹಸಿರು ತಗ್ಗಿ ಕೆಂಪು ಮೇಲೇಳುತ್ತದೆ, ಪಟ್ಟಿ ಒತ್ತುವಾಗ ಅಂಚು ಪುಡಿಯಾಗುತ್ತದೆ. ರಾಳ ಹೀರಿಸಿ ಗಟ್ಟಿ ಮಾಡಿದ ತುಂಡನ್ನೇ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳ್ಳಿ ಪದಕವನ್ನು ಒಂದು ಸೀಮೆಸುಣ್ಣದ ತುಂಡಿನೊಂದಿಗೆ ಜಿಪ್ ಚೀಲದಲ್ಲಿ ಗಾಳಿ ತೆಗೆದಿಡಿ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಜೊತೆ ಬೇಡ, ಅವುಗಳಲ್ಲಿನ ಗಂಧಕವೇ ಬೆಳ್ಳಿಯನ್ನು ಕಪ್ಪು ಮಾಡುವುದು. ಇನ್ನು ಕೊಡಗಿನದೇ ಹರಳು ಎಂದು ಯಾರಾದರೂ ಮಾರಲು ಬಂದರೆ ಎಲ್ಲಿಂದ ತೆಗೆದದ್ದು ಎಂದು ಕೇಳಿ. ಕಾಡಿನಿಂದ ಅನುಮತಿಯಿಲ್ಲದೆ ಕಲ್ಲು ತೆಗೆಯುವುದು ಅಪರಾಧ, ಅಗೆದ ಇಳಿಜಾರು ಮಳೆಗೆ ಜರಿಯುತ್ತದೆ ಕೂಡ. ರಾಜಸ್ಥಾನ, ಒಡಿಶಾದ ಗಾರ್ನೆಟ್ ಬಿಲ್ಲಿನೊಂದಿಗೇ ಸಿಗುತ್ತದೆ.