ಯಮಹಾ ಪಿ-45, ರೋಲ್ಯಾಂಡ್ ಎಫ್‌ಪಿ-10, ಕ್ಯಾಸಿಯೋ ಪಿಎಕ್ಸ್-ಎಸ್1000: ಮನೆಯಲ್ಲಿ ನುಡಿಸಿ ನೋಡಿದ ಹೋಲಿಕೆ

ಡಿಜಿಟಲ್ ಪಿಯಾನೋ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಗಮನಿಸುವುದು ನಾದವನ್ನು. ಮನೆಗೆ ತಂದ ಮೇಲೆ ವರ್ಷಗಟ್ಟಲೆ ಬೆರಳುಗಳಿಗೆ ಜೊತೆಯಾಗುವುದು ಮಾತ್ರ ಕೀಗಳ ಟಚ್. ನಾದ ಸಾಲದೆನಿಸಿದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಬಹುದು, ಹೊರಗಿನ ಸ್ಪೀಕರ್ ಜೋಡಿಸಬಹುದು, ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿನಲ್ಲಿರುವ ಬೇರೊಂದು ಪಿಯಾನೋದ ನಾದವನ್ನೇ ನುಡಿಸಬಹುದು. ಪೆಡಲ್, ಸ್ಟ್ಯಾಂಡ್, ಅಡಾಪ್ಟರ್‌ಗಳನ್ನೂ ಬದಲಿಸಬಹುದು. ಕೀಗಳನ್ನೂ ಅವುಗಳ ಅಡಿಯಲ್ಲಿರುವ ಸುತ್ತಿಗೆಯ ವ್ಯವಸ್ಥೆಯನ್ನೂ ಬದಲಿಸುವಂತಿಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಕೀಗಳಿಗೆ ಹೆಚ್ಚು ಜಾಗ ಕೊಟ್ಟು, ಉಳಿದವನ್ನು ತೊಂದರೆ ಬಂದಾಗ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬ ದೃಷ್ಟಿಯಿಂದ ನೋಡಿದ್ದೇನೆ.

ಮಂಗಳೂರಿನ ನಮ್ಮ ಮನೆಯಲ್ಲಿರುವುದು ಯಮಹಾ ಪಿ-45. ರೋಲ್ಯಾಂಡ್ ಎಫ್‌ಪಿ-10 ನನ್ನ ತಂಗಿಯದು. ಅವಳು ಊರು ಬದಲಿಸುವ ಹೊತ್ತಿನಲ್ಲಿ ಒಂದಿಡೀ ಮಳೆಗಾಲ ಅದು ನಮ್ಮಲ್ಲಿಯೇ ಇತ್ತು. ಕ್ಯಾಸಿಯೋ ಪಿಎಕ್ಸ್-ಎಸ್1000 ಅನ್ನು ಮಗಳ ಪಿಯಾನೋ ಟೀಚರ್ ರಜೆಯಲ್ಲಿ ನಮಗೆ ಬಿಟ್ಟುಹೋಗಿದ್ದರು. ಮಗಳು ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡುವವಳು, ನಾನು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವವನು, ನನ್ನ ಹೆಂಡತಿ ಕರ್ನಾಟಕ ಸಂಗೀತ ಹಾಡುವವಳು. ಹೀಗಾಗಿ ಮೂರೂ ವಾದ್ಯಗಳು ಮೂರು ರೀತಿಯ ಬಳಕೆಗೆ ಒಳಗಾದವು. ಅಕೂಸ್ಟಿಕ್ ಪಿಯಾನೋ ಏಕೆ ಬೇಡವೆಂದು ಕೇಳುವವರಿಗೆ ಇಷ್ಟು ಹೇಳಬಲ್ಲೆ: ಕರಾವಳಿಯ ತೇವದಲ್ಲಿ ಮರವೂ ಫೆಲ್ಟ್ ಬಟ್ಟೆಯೂ ನೀರು ಹೀರಿ ಉಬ್ಬುತ್ತವೆ, ತಂತಿಗಳಿಗೆ ತುಕ್ಕು ಹಿಡಿಯುತ್ತದೆ, ಕೀಗಳು ಒಳಗೆ ಸಿಕ್ಕಿಕೊಳ್ಳುತ್ತವೆ, ಮತ್ತು ವಾದ್ಯವನ್ನು ನಿಯಮಿತವಾಗಿ ಶ್ರುತಿ ಮಾಡಿಸುತ್ತಲೇ ಇರಬೇಕಾಗುತ್ತದೆ. ಡಿಜಿಟಲ್ ವಾದ್ಯದ ಶ್ರುತಿ ಕೆಡುವುದಿಲ್ಲ. ಆದರೆ ತೇವದಿಂದ ಅದಕ್ಕೂ ಪೂರ್ತಿ ಬಿಡುಗಡೆಯಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಮೂರರಲ್ಲಿಯೂ 88 ಕೀಗಳಿವೆ, ಮೂರರಲ್ಲಿಯೂ ಎಡಗಡೆಯ ಮಂದ್ರದ ಕೀಗಳು ಭಾರವಾಗಿದ್ದು ಬಲಕ್ಕೆ ಹೋದಂತೆ ಹಗುರವಾಗುತ್ತವೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಪಿ-45ರ ಕೀಗಳದು ಸಮಾಧಾನದ ಭಾರ; ಬಿಳಿ ಕೀಗಳ ಮೇಲ್ಮೈ ನುಣುಪು, ಕಪ್ಪು ಕೀಗಳದು ಹೊಳಪಿಲ್ಲದ ತುಸು ಒರಟು ಮುಖ. ಎಫ್‌ಪಿ-10ರಲ್ಲಿ ಬಿಳಿ ಕೀಗಳಿಗೂ ದಂತವನ್ನು ಹೋಲುವ ಒರಟುತನ ಕೊಟ್ಟಿದ್ದಾರೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಬೆರಳು ಬೆವರುವ ನಮ್ಮ ಊರಿನಲ್ಲಿ ಇದು ಅಲಂಕಾರವಲ್ಲ, ನಿಜವಾದ ಅನುಕೂಲ. ಜೊತೆಗೆ ಕೀಯನ್ನು ಬಹಳ ಮೆಲ್ಲಗೆ ಒತ್ತಿದಾಗ ಅರ್ಧದಾರಿ ಕಳೆದ ಮೇಲೆ ಬೆರಳಿಗೊಂದು ಸಣ್ಣ ತಡೆ ತಾಗುತ್ತದೆ; ಗ್ರ್ಯಾಂಡ್ ಪಿಯಾನೋದಲ್ಲಿ ಸುತ್ತಿಗೆ ಕೀಯಿಂದ ಬಿಡಿಸಿಕೊಳ್ಳುವ ಕ್ಷಣದ ಅನುಕರಣೆ ಅದು. ಜೋರಾಗಿ ನುಡಿಸುವಾಗ ಅದರ ಇರವೇ ತಿಳಿಯುವುದಿಲ್ಲ, ಆದರೆ ಮೃದುವಾದ ಭಾಗಗಳಲ್ಲಿ ಎಲ್ಲಿಯವರೆಗೆ ಒತ್ತಿದ್ದೇನೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಇನ್ನೊಂದು ಅಂತರ ಸೆನ್ಸರುಗಳದು. ಡಿಜಿಟಲ್ ಪಿಯಾನೋ ಕೀಯ ಮೇಲೆ ಬಿದ್ದ ಬಲವನ್ನು ನೇರವಾಗಿ ಅಳೆಯುವುದಿಲ್ಲ. ಕೀ ಕೆಳಗಿಳಿಯುವಾಗ ಒಂದರ ನಂತರ ಒಂದರಂತೆ ಮುಚ್ಚಿಕೊಳ್ಳುವ ಎರಡು ಸಂಪರ್ಕಗಳ ನಡುವಿನ ಸಮಯವನ್ನು ಅಳೆದು, ಸಮಯ ಕಡಿಮೆಯಾದಷ್ಟೂ ಸ್ವರವನ್ನು ಜೋರಾಗಿಸುತ್ತದೆ. ಪಿ-45ರಲ್ಲಿರುವುದು ಇಂಥ ಎರಡು ಸೆನ್ಸರುಗಳು, ಎಫ್‌ಪಿ-10ರಲ್ಲಿ ಮೂರು. ಮೂರನೆಯದರಿಂದಾಗಿ ಕೀ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಒಂದೇ ಸ್ವರ ಬೇಗಬೇಗನೆ ಮರುಕಳಿಸುವ ಪಾಠಗಳಲ್ಲಿ ಮಗಳು ರೋಲ್ಯಾಂಡ್ ಮೇಲೆ ಸಲೀಸಾಗಿ ನುಡಿಸಿದ್ದನ್ನೇ ಯಮಹಾ ಮೇಲೆ ನುಡಿಸುವಾಗ ಬೆರಳನ್ನು ಇನ್ನಷ್ಟು ಎತ್ತಬೇಕಾಗುತ್ತಿತ್ತು. ಬೆರಳನ್ನು ಪೂರ್ತಿ ಎತ್ತುವ ಅಭ್ಯಾಸ ಆರಂಭದ ವಿದ್ಯಾರ್ಥಿಗೆ ಹಾನಿಯೇನಲ್ಲ ಎಂದು ಅವಳ ಟೀಚರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಮೇಲಿನ ಗ್ರೇಡುಗಳಿಗೆ ಹೋದಂತೆ ಮಾತ್ರ ಮೂರು ಸೆನ್ಸರಿನ ಬೆಲೆ ತಿಳಿಯುತ್ತದೆ.

ಕ್ಯಾಸಿಯೋದ ದಾರಿಯೇ ಬೇರೆ. ಅದರ ಅಗಲ ಹಿಂದಿನಿಂದ ಮುಂದಕ್ಕೆ ಕೇವಲ 23.2 ಸೆಂಟಿಮೀಟರ್, ತೂಕ 11.2 ಕಿಲೋಗ್ರಾಂ. ಸಣ್ಣ ಫ್ಲ್ಯಾಟಿನಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಓಡಾಡಲು ದಾರಿ ಉಳಿಯುತ್ತದೆ, ಮತ್ತು ನೋಡಲು ಮೂರರಲ್ಲಿ ಅದೇ ಚೆಂದ. ಟಚ್ ಹಗುರ, ವೇಗದ ಸ್ಕೇಲುಗಳಿಗೆ ಹಿತ. ಆದರೆ ಪೆಟ್ಟಿಗೆ ಕಿರಿದಾದಂತೆ ಕೀಯ ತಿರುಗುಬಿಂದು ಬೆರಳಿಗೆ ಹತ್ತಿರವಾಗುವುದರಿಂದ, ಕಪ್ಪು ಕೀಗಳ ನಡುವೆ ಒಳಗೆ ಬೆರಳಿಟ್ಟು ಒತ್ತುವಾಗ ಹೆಚ್ಚು ಬಲ ಬೇಕಾಗುತ್ತದೆ. ಮೇಜಿನ ಮೇಲಿಡುವಂಥ ಎಲ್ಲ ಡಿಜಿಟಲ್ ಪಿಯಾನೋಗಳಿಗೂ ಈ ಮಿತಿ ಇದೆ. ತೆಳುವಾದುದರಲ್ಲಿ ಹೆಚ್ಚು ಅನುಭವಕ್ಕೆ ಬರುತ್ತದೆ. ಶಾರ್ಪ್-ಫ್ಲ್ಯಾಟುಗಳು, ಅಂದರೆ ಕಪ್ಪು ಕೀಗಳ ಬಳಕೆ, ಹೆಚ್ಚಿರುವ ಪಾಠ ನುಡಿಸುವವರು ಕೊಳ್ಳುವ ಮೊದಲು ಅಂಚಿನಲ್ಲಿ ಮಾತ್ರವಲ್ಲದೆ ಒಳಭಾಗದಲ್ಲಿಯೂ ಒತ್ತಿ ನೋಡಬೇಕು.

ನಾದದ ವಿಷಯದಲ್ಲಿ ನನಗೆ ಬಲವಾದ ಪಕ್ಷಪಾತವಿಲ್ಲ. ಯಮಹಾದ್ದು ಸ್ಪಷ್ಟ, ರೋಲ್ಯಾಂಡಿನದು ತುಸು ಮೆದು, ಕ್ಯಾಸಿಯೋದ್ದು ಹೆಡ್‌ಫೋನಿನಲ್ಲಿ ವಿಶೇಷವಾಗಿ ತುಂಬಿಕೊಂಡಂತೆ ಕೇಳುತ್ತದೆ. ಒಂದೇ ಹೊತ್ತಿಗೆ ಮೊಳಗಬಲ್ಲ ಸ್ವರಗಳ ಸಂಖ್ಯೆ ಕ್ರಮವಾಗಿ 64, 96 ಮತ್ತು 192 ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಪೆಡಲ್ ಒತ್ತಿ ಹಿಡಿದು ಕೀಲಿಮಣೆಯ ಉದ್ದಕ್ಕೂ ಸ್ವರಗಳನ್ನು ಚೆಲ್ಲುವ ರಚನೆಗಳನ್ನು ನುಡಿಸದವರಿಗೆ ಈ ಅಂತರ ಕೇಳಿಸುವುದು ಅಪರೂಪ. ದಿನನಿತ್ಯ ಹೆಚ್ಚು ಲೆಕ್ಕಕ್ಕೆ ಬರುವುದು ಹೆಡ್‌ಫೋನಿನ ತೂತು. ಪಿ-45ಕ್ಕೆ ಬೇಕಾದದ್ದು ದಪ್ಪನೆಯ 6.35 ಮಿಲಿಮೀಟರ್ ಪಿನ್, ಉಳಿದೆರಡಕ್ಕೆ ಫೋನಿನಂಥ 3.5 ಮಿಲಿಮೀಟರಿನದು. ಕ್ಯಾಸಿಯೋದಲ್ಲಿ ಮಾತ್ರ ಎರಡು ತೂತುಗಳಿವೆ, ಅವೂ ಮುಂಭಾಗದಲ್ಲಿ. ಮಗಳೂ ಟೀಚರೂ ಒಟ್ಟಿಗೆ ಕೇಳುತ್ತಾ ಪಾಠ ಮಾಡುವುದು ಅದರಲ್ಲಿ ಸುಲಭವಾಗಿತ್ತು.

ಒತ್ತಿದಾಗ ಸ್ವರವನ್ನು ಎಳೆದು ಹಿಡಿಯುವ ಪೆಡಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಾದ್ಯ ಹಾಳಾಯಿತೆಂದು ಭಾವಿಸುವ ಸಂದರ್ಭಗಳಲ್ಲಿ ಎಷ್ಟೋ ಸಲ ತಪ್ಪು ಪೆಡಲಿನದ್ದಾಗಿರುತ್ತದೆ. ಪೆಟ್ಟಿಗೆಯೊಳಗೆ ಬರುವ ಚಿಕ್ಕ ಚೌಕದ ಪೆಡಲ್ ಬರೀ ಒಂದು ಸ್ವಿಚ್ಚು: ಇದೆ ಅಥವಾ ಇಲ್ಲ. ಟೈಲ್ಸ್ ನೆಲದ ಮೇಲೆ ಜಾರಿ ಜಾರಿ ಗೋಡೆ ಸೇರುವುದು ಅದರ ಇನ್ನೊಂದು ಕೊರತೆ. ಅರ್ಧ ಪೆಡಲ್ (ಪೆಡಲನ್ನು ಅರ್ಧದಷ್ಟೇ ಒತ್ತಿ ನಾದದ ಎಳೆತವನ್ನು ಹದಗೊಳಿಸುವುದು) ಕಲಿಯಬೇಕಾದಾಗ ಎಫ್‌ಪಿ-10ಕ್ಕೆ ಡಿಪಿ-10 ಎಂಬ ಪೆಡಲನ್ನು ಬೇರೆಯಾಗಿ ಕೊಂಡು, ಅದರ ಮೇಲಿನ ಚಿಕ್ಕ ಸ್ವಿಚ್ಚನ್ನು ಕಂಟಿನ್ಯೂಯಸ್ ಕಡೆಗೆ ಸರಿಸಿದರೆ ಸಾಕು. ಕ್ಯಾಸಿಯೋದಲ್ಲಿ ಅದೇ ಸೌಲಭ್ಯಕ್ಕೆ ಎಸ್‌ಪಿ-34 ಎಂಬ ಮೂರು ಪೆಡಲುಗಳ ಘಟಕ ಬೇಕು. ಈ ವಿಷಯದಲ್ಲಿ ನನ್ನ ಮತ ರೋಲ್ಯಾಂಡಿಗೆ. ಬೇರೆ ಕಂಪನಿಯ ಪೆಡಲನ್ನು ಸಿಕ್ಕಿಸಿದಾಗ ಒತ್ತಿದರೆ ನಾದ ನಿಂತು, ಬಿಟ್ಟರೆ ಎಳೆಯುವಂತಾದರೆ ಗಾಬರಿ ಬೇಡ. ಯಮಹಾ ಮತ್ತು ರೋಲ್ಯಾಂಡ್ ಪೆಡಲುಗಳ ಸ್ವಿಚ್ಚು ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುತ್ತದೆ. ಅನೇಕ ವಾದ್ಯಗಳು ಆನ್ ಆಗುವ ಕ್ಷಣದಲ್ಲಿ ಪೆಡಲಿನ ಸ್ಥಿತಿಯನ್ನು ನೋಡಿ ಅದನ್ನೇ ಬಿಟ್ಟ ಸ್ಥಿತಿಯೆಂದು ತಿಳಿಯುವುದರಿಂದ, ಮೊದಲು ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಅದರ ಮೇಲಿನಿಂದ ಕಾಲು ತೆಗೆದು ಆನ್ ಮಾಡಬೇಕು. ಎಲ್ಲ ವಾದ್ಯಗಳಿಗೂ ಹೊಂದುವಂತೆ ಮಾಡಿದ ಪೆಡಲುಗಳ ಅಡಿಯಲ್ಲಿ ಇದಕ್ಕೆಂದೇ ಒಂದು ಸ್ವಿಚ್ಚಿರುತ್ತದೆ.

ಇನ್ನು ತೊಂದರೆಗಳ ವಿಷಯ. ವಾದ್ಯದ ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಬೇರ್ಪಡಿಸುವುದೇ ಮೊದಲ ಕೆಲಸ. ಸ್ಪೀಕರಿನಿಂದ ಸದ್ದೇ ಬರದಿದ್ದರೆ ಹೆಡ್‌ಫೋನಿನ ತೂತಿನಲ್ಲಿ ಏನಾದರೂ ಉಳಿದಿದೆಯೇ ನೋಡಬೇಕು. ಪಿ-45ರಲ್ಲಿ ಸಣ್ಣ ಪಿನ್ನಿನ ಹೆಡ್‌ಫೋನಿಗಾಗಿ ಹಾಕುವ ಪರಿವರ್ತಕ ಹಿಂಬದಿಯಲ್ಲಿ ಹಾಗೇ ಉಳಿದರೆ ಹೆಡ್‌ಫೋನ್ ತೆಗೆದಿದ್ದರೂ ಸ್ಪೀಕರ್ ಸುಮ್ಮನಿರುತ್ತದೆ. ಕಂಪ್ಯೂಟರಿಗೆ ಜೋಡಿಸಿ ಬಳಸಿದ ನಂತರ ವಾದ್ಯ ಮೂಕವಾದರೆ, ಆ ತಂತ್ರಾಂಶ ಲೋಕಲ್ ಕಂಟ್ರೋಲನ್ನು, ಅಂದರೆ ಕೀಗಳಿಗೂ ವಾದ್ಯದ ಒಳಗಿನ ನಾದಕ್ಕೂ ಇರುವ ಕೊಂಡಿಯನ್ನು, ಆಫ್ ಮಾಡಿರಬಹುದು. ಸಾಮಾನ್ಯವಾಗಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಲ್ಯಾಪ್‌ಟಾಪ್ ಜೋಡಿಸಿದಾಗ ಗುಂಯ್ ಎನ್ನುವ ಸದ್ದು ಬಂದು, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದೊಡನೆ ಅದು ನಿಂತರೆ ದೋಷ ವಿದ್ಯುತ್ ಜೋಡಣೆಯದು, ಪಿಯಾನೋದ್ದಲ್ಲ. ಯಮಹಾ ಮತ್ತು ರೋಲ್ಯಾಂಡ್ 30 ನಿಮಿಷ ಮುಟ್ಟದಿದ್ದರೆ ತಾವಾಗಿಯೇ ಆರಿಹೋಗುತ್ತವೆ. ಇದನ್ನು ಕೆಟ್ಟುಹೋಯಿತೆಂದು ತಿಳಿಯಬಾರದು. ಪಿ-45ರಲ್ಲಿ ಎಡತುದಿಯ ಕೀಯನ್ನು ಒತ್ತಿ ಹಿಡಿದು ಆನ್ ಮಾಡಿದರೆ ಈ ವ್ಯವಸ್ಥೆ ರದ್ದಾಗುತ್ತದೆ.

ಹಾಡುವವರಿರುವ ಮನೆಯಲ್ಲಿ ಇನ್ನೊಂದು ತೊಡಕಿದೆ. ನನ್ನ ಹೆಂಡತಿ ತನ್ನ ಶ್ರುತಿಗೆ ಹೊಂದುವಂತೆ ಟ್ರಾನ್ಸ್‌ಪೋಸ್ (ಎಲ್ಲ ಕೀಗಳ ಶ್ರುತಿಯನ್ನು ಒಟ್ಟಿಗೆ ಏರಿಸುವ ಅಥವಾ ಇಳಿಸುವ ಸೆಟ್ಟಿಂಗ್) ಬದಲಿಸಿ ಹಾಡಿಕೊಂಡು ಎದ್ದ ಮೇಲೆ ಮಗಳು ಬಂದು ಕುಳಿತರೆ, ಮಧ್ಯದ ಸಿ ಒತ್ತಿದಾಗ ಬೇರೇನೋ ಕೇಳಿಸುತ್ತದೆ. ಮೂರೂ ವಾದ್ಯಗಳಲ್ಲಿ ಇಂಥ ಸೆಟ್ಟಿಂಗುಗಳನ್ನು ವಾದ್ಯದ ಮೇಲೆ ಒಂದು ಬಟನ್ ಹಿಡಿದು ಕೀ ಒತ್ತುವ ಮೂಲಕ ಬದಲಿಸಬೇಕಾದ್ದರಿಂದ ಮತ್ತು ಪರದೆ ಯಾವುದರಲ್ಲಿಯೂ ಇಲ್ಲವಾದ್ದರಿಂದ, ಈಗ ಏನು ಹೊಂದಿಸಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಯಾವ ಬಟನ್, ಯಾವ ಕೀ ಎಂಬುದನ್ನು ಕೈಪಿಡಿಯಿಂದ ಒಂದು ಕಾಗದದ ಮೇಲೆ ಬರೆದು ಸ್ಟ್ಯಾಂಡಿಗೆ ಅಂಟಿಸಿದ್ದೇವೆ.

ಒಳಗಿನ ತೊಂದರೆಗಳು ಹೆಚ್ಚಾಗಿ ಕೀಗಳವು. ಈ ಮೂರಕ್ಕೂ ಮೊದಲು ನಮ್ಮಲ್ಲಿದ್ದ, ಕೈ ಬದಲಾಗಿ ಬಂದ ಹಳೆಯ ಡಿಜಿಟಲ್ ಪಿಯಾನೋ ಒಂದರಲ್ಲಿ ಕೆಲವು ಸ್ವರಗಳು ಎಷ್ಟು ಮೆಲ್ಲಗೆ ಒತ್ತಿದರೂ ಕಿರಿಚಿದಂತೆ ಜೋರಾಗಿ ಬರುತ್ತಿದ್ದವು, ಕೆಲವು ಬರುತ್ತಲೇ ಇರಲಿಲ್ಲ. ಮೇಲೆ ಹೇಳಿದ ಎರಡು ಸಂಪರ್ಕಗಳಲ್ಲಿ ಒಂದರ ಮೇಲೆ ಧೂಳೋ ತೇವದ ಪೊರೆಯೋ ಕೂತರೆ ಸಮಯದ ಅಳತೆ ತಪ್ಪುತ್ತದೆ, ಲಕ್ಷಣ ಅದರದೇ. ವಾರಂಟಿ ಮುಗಿದಿದ್ದರಿಂದ ರಿಪೇರಿ ಬಲ್ಲವರೊಬ್ಬರ ಜೊತೆ ಕುಳಿತು ಬಿಚ್ಚಿದೆವು. ಕೀಗಳ ಕೆಳಗಿನ ರಬ್ಬರ್ ಪಟ್ಟಿಯನ್ನು ಎತ್ತಿ, ಅದರ ಕಪ್ಪು ಕಾರ್ಬನ್ ಬೊಟ್ಟುಗಳನ್ನೂ ಸರ್ಕ್ಯೂಟ್ ಹಲಗೆಯ ಮೇಲಿನ ಸಂಪರ್ಕಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನಾರು ಬಿಡದ ಬಟ್ಟೆಯಿಂದ ಹಗುರವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪಟ್ಟಿಯನ್ನು ಇದ್ದ ದಿಕ್ಕಿನಲ್ಲಿಯೇ ಕೂರಿಸಿದಾಗ ಎಲ್ಲ ಸ್ವರಗಳೂ ಮರಳಿದವು. ವಾರಂಟಿ ಇರುವಾಗ ಬಿಚ್ಚಬಾರದು. ಬಿಚ್ಚುವ ಮೊದಲೂ ಒಂದು ಪರೀಕ್ಷೆ ಮಾಡಬೇಕು: ಎಲ್ಲ ಕೀಗಳೂ ಒಂದೇ ಗಾತ್ರದಲ್ಲಿ ಮೊಳಗುತ್ತಿದ್ದರೆ ಯಾರೋ ಟಚ್ ಸೆಟ್ಟಿಂಗನ್ನು ಫಿಕ್ಸೆಡ್ ಮಾಡಿರುತ್ತಾರೆ, ಧೂಳಿನ ಮಾತೇ ಬರುವುದಿಲ್ಲ.

ಮಳೆಗಾಲದ ಎರಡೂ ತುದಿಗಳಲ್ಲಿ ಬರುವ ಸಿಡಿಲಿನ ದಿನಗಳಲ್ಲಿ ಗುಡುಗು ಕೇಳಿದೊಡನೆ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕಿತ್ತಿಡುವುದು ನಮ್ಮ ಮನೆಯ ನಿಯಮ; ಸ್ವಿಚ್ಚು ಆರಿಸಿದರೆ ಸಾಲದು. ಕ್ಯಾಸಿಯೋ ಹೆಚ್ಚು ಇಷ್ಟವಾದದ್ದು ಆಗಲೇ. ಉಳಿದೆರಡು ಅಡಾಪ್ಟರ್ ಇಲ್ಲದೆ ನಡೆಯುವುದಿಲ್ಲ, ಕ್ಯಾಸಿಯೋ ಆರು ಎಎ ಸೆಲ್ಲುಗಳ ಮೇಲೆ ಸುಮಾರು ನಾಲ್ಕು ಗಂಟೆ ನುಡಿಯುತ್ತದೆ. ಪರೀಕ್ಷೆಯ ಹಿಂದಿನ ವಾರ ಕರೆಂಟಿಲ್ಲದ ಸಂಜೆಗಳಲ್ಲಿ ಇದೇನು ಸಣ್ಣ ಗುಣವಲ್ಲ. ಅಡಾಪ್ಟರ್ ಸುಟ್ಟರೆ ಪಿನ್ ಹೊಂದಿತೆಂಬ ಕಾರಣಕ್ಕೆ ಸಿಕ್ಕಿದ್ದನ್ನು ಹಾಕಬಾರದು. ವೋಲ್ಟ್, ಆಂಪಿಯರ್, ಪ್ಲಸ್-ಮೈನಸ್ ದಿಕ್ಕು ಮೂರನ್ನೂ ಹಳೆಯದರ ಚೀಟಿಯೊಡನೆ ತಾಳೆ ನೋಡಬೇಕು. ನುಡಿಸದಿರುವಾಗ ಹತ್ತಿ ಬಟ್ಟೆಯ ಹೊದಿಕೆ ಸಾಕು, ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ.

ಇಂದು ಹೊಸದಾಗಿ ಕೊಳ್ಳುವುದಾದರೆ ನಾನು ಎಫ್‌ಪಿ-10 ತೆಗೆದುಕೊಳ್ಳುತ್ತೇನೆ. 12.3 ಕಿಲೋಗ್ರಾಂ ತೂಗುವ ಅದೇ ಮೂರರಲ್ಲಿ ಭಾರ, ಆದರೆ ಒಮ್ಮೆ ಇಟ್ಟ ಜಾಗದಿಂದ ಪಿಯಾನೋವನ್ನು ಎತ್ತುವ ಪ್ರಸಂಗ ನಮ್ಮಲ್ಲಿ ಬರುವುದಿಲ್ಲ. ಜಾಗವಿಲ್ಲದವರಿಗೆ, ವಾದ್ಯವನ್ನು ಕಾರ್ಯಕ್ರಮಗಳಿಗೆ ಹೊತ್ತೊಯ್ಯುವವರಿಗೆ ಕ್ಯಾಸಿಯೋ. ಪಿ-45 ಈಗಲೂ ನಮ್ಮ ಮನೆಯಲ್ಲಿ ಚೆನ್ನಾಗಿಯೇ ನುಡಿಯುತ್ತಿದೆ, ಆರಂಭದ ಗ್ರೇಡುಗಳಿಗೆ ಅದರಿಂದ ಏನೂ ಕೊರತೆಯಾಗಿಲ್ಲ. ಆದರೆ 2023ರಲ್ಲಿ ಅದರ ಜಾಗಕ್ಕೆ ಬಂದ ಪಿ-145ರ ಕೀ ವ್ಯವಸ್ಥೆ ಬೇರೆಯಾದ್ದರಿಂದ, ಪಿ-45ರ ಬಗ್ಗೆ ನಾನು ಹೇಳಿದ ಟಚ್ ಅದಕ್ಕೆ ಅನ್ವಯಿಸುವುದಿಲ್ಲ. ಪಿಎಕ್ಸ್-ಎಸ್1000ದ ನಂತರ 2021ರಲ್ಲಿ ಪಿಎಕ್ಸ್-ಎಸ್1100 ಬಂದಿದೆ. ಹಾಗಾಗಿ ಹಳೆಯ ಎರಡು ಮಾದರಿಗಳು ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡಿನಲ್ಲಿ. ಅಂಥದನ್ನು ನೋಡಲು ಹೋಗುವಾಗ ಸ್ವಂತ ಹೆಡ್‌ಫೋನ್ ಒಯ್ಯಿರಿ. 88 ಕೀಗಳನ್ನೂ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒಂದೊಂದಾಗಿ ಒತ್ತಿ, ಹೆಡ್‌ಫೋನಿನ ಪಿನ್ನನ್ನು ತೂತಿನಲ್ಲಿ ತಿರುಗಿಸಿ ಒಂದು ಕಿವಿಯ ಸದ್ದು ಕಡಿಯುತ್ತದೆಯೇ ಕೇಳಿ, ಮಾರುವವರ ಪೆಡಲನ್ನೂ ಅಡಾಪ್ಟರನ್ನೂ ಅಲ್ಲಿಯೇ ಸಿಕ್ಕಿಸಿ ನೋಡಿದ ಮೇಲಷ್ಟೇ ಬೆಲೆಯ ಮಾತಿಗೆ ಬನ್ನಿ.