ಮೇಟನ್ ಮತ್ತು ಕೋಲ್ ಕ್ಲಾರ್ಕ್: ಕಾರವಾರದ ಉಪ್ಪುಗಾಳಿಯಲ್ಲಿ ಎರಡು ಆಸ್ಟ್ರೇಲಿಯನ್ ಗಿಟಾರುಗಳು

ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ತಯಾರಾದ ಎರಡು ಅಕೂಸ್ಟಿಕ್ ಗಿಟಾರುಗಳು ಕೆಲವು ಕಾಲದಿಂದ ನಮ್ಮ ಸುಗಮ ಸಂಗೀತ ತಂಡದ ಬಳಕೆಯಲ್ಲಿವೆ. ಮೇಟನ್ ಕಂಪನಿಯ ಇಬಿಜಿ 808, ಆಸ್ಟ್ರೇಲಿಯಾದಲ್ಲಿ ಉದ್ಯೋಗ ಮಾಡಿ ಊರಿಗೆ ಮರಳಿದ ಹೊನ್ನಾವರದ ಮಿತ್ರರದು. ಕೋಲ್ ಕ್ಲಾರ್ಕ್ ಕಂಪನಿಯ ಫ್ಯಾಟ್ ಲೇಡಿ 2 ತಂಡದ ಇನ್ನೊಬ್ಬ ವಾದಕರು ಸಂಬಂಧಿಕರ ಮೂಲಕ ತರಿಸಿಕೊಂಡದ್ದು. ಕಾರವಾರದ ಮನೆಯ ಕೋಣೆಯಲ್ಲಿ, ಶಿರಸಿಯ ಸಭಾಭವನದಲ್ಲಿ ಹಾಗೂ ಕಡಲಂಚಿನ ಬಯಲು ವೇದಿಕೆಯಲ್ಲಿ ಇವೆರಡನ್ನೂ ನುಡಿಸಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ವಾದ್ಯಗಳಿಗೆ ಕೊಡುವ ಹಣದ ದೊಡ್ಡ ಪಾಲು ಧ್ವನಿವರ್ಧಕಕ್ಕೆ ಜೋಡಿಸಿದಾಗ ಕೇಳುವ ನಾದಕ್ಕೆ ಸಲ್ಲುತ್ತದೆ. ಮನೆಯ ಜಗಲಿಯಲ್ಲಿ ಕುಳಿತು ತಮ್ಮ ಪಾಡಿಗೆ ನುಡಿಸಿಕೊಳ್ಳುವವರಿಗೆ ಇವುಗಳ ಬೆಲೆ ಭಾರವೇ ಹೌದು.

ಮೇಟನ್ ಹಳೆಯ ಕಂಪನಿ. ಬಿಲ್ ಮೇ ಅವರು 1946ರಲ್ಲಿ ಮೆಲ್ಬರ್ನಿನಲ್ಲಿ ಅದನ್ನು ಆರಂಭಿಸಿದಾಗ ಒಳ್ಳೆಯ ಗಿಟಾರ್ ಎಂದರೆ ಅಮೆರಿಕದಿಂದಲೇ ಬರಬೇಕೆಂಬ ಭಾವನೆ ಆಸ್ಟ್ರೇಲಿಯಾದಲ್ಲಿತ್ತು. ಇಂದು ಹೊರಗಿನವರಿಗೆ ಆ ಹೆಸರು ಪರಿಚಯವಾಗುವುದು ಬಹುಮಟ್ಟಿಗೆ ಟಾಮಿ ಎಮ್ಯಾನುಯೆಲ್ ಅವರ ಮೂಲಕ. ಹೆಬ್ಬೆರಳಿನಲ್ಲಿ ಮಂದ್ರದ ನಡೆಯನ್ನೂ ಉಳಿದ ಬೆರಳುಗಳಲ್ಲಿ ಸ್ವರವನ್ನೂ ಏಕಕಾಲಕ್ಕೆ ನುಡಿಸುವ, ಮೇಲ್ಹಲಗೆಯನ್ನು ತಟ್ಟಿ ಉಜ್ಜಿ ತಾಳವಾದ್ಯದ ಕೆಲಸವನ್ನೂ ಅದರಿಂದಲೇ ತೆಗೆಯುವ ಆ ಕಲಾವಿದರು ದಶಕಗಳಿಂದ ವೇದಿಕೆಯಲ್ಲಿ ಮೇಟನ್ ಗಿಟಾರನ್ನೇ ಹಿಡಿದಿದ್ದಾರೆ. ಕೋಲ್ ಕ್ಲಾರ್ಕ್ 2001ರಲ್ಲಿ ಆರಂಭವಾದ ಕಿರಿಯ ಸಂಸ್ಥೆ. ಗಿಟಾರ್ ಮರವೆಂದರೆ ಹೀಗೇ ಇರಬೇಕೆಂಬ ಹಳೆಯ ಪಟ್ಟಿಯನ್ನು ಬದಿಗಿಟ್ಟು, ತನ್ನ ದೇಶದಲ್ಲೇ ಬೆಳೆಯುವ ಮರಗಳನ್ನು ಮುಂದೆ ತಂದದ್ದರಿಂದ ಅದು ಹೆಸರು ಮಾಡಿತು.

ಮರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಉತ್ತರ ಕನ್ನಡದ ನಮಗೆ ಇದು ಅಷ್ಟೇನೂ ದೂರದ ಮಾತಲ್ಲ. ನಾನು ನುಡಿಸಿದ ಮೇಟನ್ನಿನ ಮೇಲ್ಹಲಗೆ ಸಿಟ್ಕಾ ಸ್ಪ್ರೂಸ್; ಅದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ, ಪ್ರಪಂಚದ ಬಹುಪಾಲು ಗಿಟಾರ್ ತಯಾರಕರು ಅದನ್ನೇ ನೆಚ್ಚಿಕೊಂಡಿದ್ದಾರೆ. ಬೆನ್ನು ಮತ್ತು ಪಕ್ಕೆಗಳು ಬ್ಲ್ಯಾಕ್‌ವುಡ್. ಇದು ಅಕೇಶಿಯಾ ಕುಲದ ಮರ, ಹವಾಯಿ ದ್ವೀಪಗಳ ಪ್ರಸಿದ್ಧ ಕೋವಾ ಮರದ ಹತ್ತಿರದ ನೆಂಟ. ನಮ್ಮ ಬೆಟ್ಟ ಬೋಳುಗಳಲ್ಲಿ ಅರಣ್ಯ ಇಲಾಖೆ ನೆಟ್ಟು ಬೆಳೆಸಿದ, ಜನ ಇಂದಿಗೂ ಗೊಣಗುವ ಅಕೇಶಿಯಾ ಕೂಡ ಆಸ್ಟ್ರೇಲಿಯಾದಿಂದಲೇ ಬಂದ ಬೇರೊಂದು ಜಾತಿ. ಅಲ್ಲಿಯ ಬ್ಲ್ಯಾಕ್‌ವುಡ್ಡಿನ ಹೊನ್ನುಗಂದು ಬಣ್ಣವನ್ನೂ ಬಿಗಿಯಾದ ಎಳೆಯನ್ನೂ ಬೆಳಕಿಗೆ ಹಿಡಿದು ನೋಡಿದಾಗ, ಸೌದೆಯ ರಾಶಿಯಲ್ಲಷ್ಟೇ ಕಂಡಿದ್ದ ಈ ಹೆಸರಿನ ಬಗ್ಗೆ ನನ್ನ ತಾತ್ಸಾರ ತುಸು ಕಡಿಮೆಯಾಯಿತೆಂದು ಹೇಳಬಹುದು.

ಕೋಲ್ ಕ್ಲಾರ್ಕಿನ ಬೆನ್ನು, ಪಕ್ಕೆಗಳೂ ಬ್ಲ್ಯಾಕ್‌ವುಡ್ಡಿನವೇ; ಆದ್ದರಿಂದ ಎರಡರ ನಡುವಿನ ವ್ಯತ್ಯಾಸವನ್ನು ಮುಖ್ಯವಾಗಿ ಆಕಾರದಲ್ಲಿ ಮತ್ತು ಮೇಲ್ಹಲಗೆಯಲ್ಲಿ ಹುಡುಕಬೇಕಾಗುತ್ತದೆ. ಅದರ ಮೇಲ್ಹಲಗೆ ಬುನ್ಯಾ ಮರದ್ದು. ಕ್ವೀನ್ಸ್‌ಲ್ಯಾಂಡಿನ ಈ ಮರ ನಮ್ಮ ತೋಟಗಳಲ್ಲಿ ಅಲಂಕಾರಕ್ಕೆಂದು, ಕ್ರಿಸ್‌ಮಸ್ ಮರವೆಂದು ಬೆಳೆಸುವ ಅರಾಕೇರಿಯಾದ ಕುಲಕ್ಕೇ ಸೇರಿದ್ದು. ಸ್ಪ್ರೂಸ್‌ಗಿಂತ ಕೊಂಚ ಕಂದು, ಕೊಂಚ ಒರಟು ಎನ್ನಿಸುವ ನೋಟ ಇದರದು. ಅಂದವನ್ನೇ ನೋಡುವವರಿಗೆ ಮೇಟನ್ ಹಿಡಿಸೀತು.

ಇನ್ನು ಬೀಟೆಯ ಮಾತು. ಎರಡೂ ಕಂಪನಿಗಳು ಬೀಟೆ ಮರದ ಮಾದರಿಗಳನ್ನೂ ಮಾಡಿವೆ. ಇಂಡಿಯನ್ ರೋಸ್‌ವುಡ್ ಎಂದು ಜಗತ್ತಿನ ಗಿಟಾರ್ ಅಂಗಡಿಗಳಲ್ಲಿ ಹೆಚ್ಚು ಬೆಲೆಗೆ ಮಾರುವ ಮರ ನಮ್ಮ ಪಶ್ಚಿಮ ಘಟ್ಟದ ಈ ಬೀಟೆಯೇ. 2017ರಲ್ಲಿ ರೋಸ್‌ವುಡ್ ಕುಲವಿಡೀ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ನಮ್ಮ ಕಾಡಿನ ಮರ ಮೆಲ್ಬರ್ನಿಗೆ ಹೋಗಿ, ಗಿಟಾರ್ ಆಗಿ, ಹಡಗಿನಲ್ಲೋ ವಿಮಾನದಲ್ಲೋ ಹಿಂತಿರುಗಿ ಬಂದು, ಅದಕ್ಕೆ ನಾವು ಆಮದು ಸುಂಕ ಕೊಡುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ. ಆಸ್ಟ್ರೇಲಿಯನ್ ಗಿಟಾರ್ ಕೊಳ್ಳುವುದೇ ಆದರೆ ಆಸ್ಟ್ರೇಲಿಯಾದ ಮರದ್ದನ್ನು ಕೊಳ್ಳುವುದು ಲೇಸು.

ವೈರು ಜೋಡಿಸದೆ, ಬರಿಯ ಕೋಣೆಯಲ್ಲಿ ನುಡಿಸಿದಾಗ ಮೇಟನ್ ಮುಂದಿದೆ. ಅದರ ದೇಹ ಚಿಕ್ಕದು, ಸೊಂಟ ಕಿರಿದು. ಆದರೂ ಬೆರಳಿನಿಂದ ಮೀಟಿದ ಸ್ವರ ಕೂಡಲೇ ಎದ್ದು ಬರುತ್ತದೆ, ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುವುದಿಲ್ಲ. ಭಾವಗೀತೆಯ ಪಲ್ಲವಿಗೆ ಮುನ್ನ ಬರುವ ಬಿಡಿಬಿಡಿಯಾದ ನುಡಿಸಾಣಿಕೆಗೆ ಇದು ಬಹಳ ಅನುಕೂಲ. ದಪ್ಪ ತಂತಿಗಳ ಗುಂಗು ಕಡಿಮೆ ಎಂಬ ದೂರು ದೊಡ್ಡ ಡ್ರೆಡ್‌ನಾಟ್ ಗಿಟಾರುಗಳಿಗೆ ಒಗ್ಗಿದವರಿಂದ ಬರಬಹುದು. ಆ ದೂರಿನಲ್ಲಿ ಹುರುಳಿದೆ, ಆದರೆ ತಬಲಾ ಮತ್ತು ಹಾರ್ಮೋನಿಯಂ ಜೊತೆಗಿರುವಲ್ಲಿ ಆ ಗುಂಗು ಇಲ್ಲದಿರುವುದೇ ವಾಸಿ. ಫ್ಯಾಟ್ ಲೇಡಿ ಡ್ರೆಡ್‌ನಾಟ್ ಆಕಾರದ್ದು. ಅಷ್ಟು ದೊಡ್ಡ ದೇಹದಿಂದ ನಿರೀಕ್ಷಿಸುವಷ್ಟು ಸದ್ದು ಕೋಣೆಯಲ್ಲಿ ಬರುವುದಿಲ್ಲ. ನಡುಸ್ಥಾಯಿಯ ಸ್ವರಗಳು ಗಟ್ಟಿಯಾಗಿ, ತುಸು ಒಣಗಿದಂತೆ ಕೇಳುತ್ತವೆ. ಪಿಕ್ ಹಿಡಿದು ಜೋರಾಗಿ ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ಬಾರಿಸಿದಾಗ ಮಾತ್ರ ಅದು ಮೈಬಿಟ್ಟು ನುಡಿಯುತ್ತದೆ. ಮೆಲ್ಲಗೆ ಮೀಟಿದರೆ ಹಿಂಜರಿಯುತ್ತದೆ. ಇದೇ ಕೋಣೆಯಲ್ಲಿ ಇವುಗಳ ಕಾಲು ಭಾಗಕ್ಕೂ ಕಡಿಮೆ ಬೆಲೆಯ ಯಮಾಹಾ ಎಫ್‌ಜಿ 830 ನುಡಿಸಿದಾಗ ಕೇಳುಗರಲ್ಲಿ ಕೆಲವರಿಗೆ ಅದೇ ಹೆಚ್ಚು ತುಂಬಿದಂತೆ ಕೇಳಿಸಿತು. ಅವರ ಕಿವಿಯನ್ನು ತಪ್ಪೆನ್ನಲಾರೆ.

ವೇದಿಕೆಯಲ್ಲಿ ಈ ಲೆಕ್ಕ ಬುಡಮೇಲಾಗುತ್ತದೆ. ಧ್ವನಿವರ್ಧಕಕ್ಕೆ ಜೋಡಿಸುವ ಸಾಮಾನ್ಯ ಗಿಟಾರುಗಳಲ್ಲಿ ಸ್ಯಾಡಲ್, ಅಂದರೆ ತಂತಿಗಳು ಒರಗುವ ಪುಟ್ಟ ಪಟ್ಟಿಯ ಕೆಳಗೆ, ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಒಂದು ಪೀಜೋ ಪಟ್ಟಿ ಇರುತ್ತದೆ. ಅದು ತಂತಿಯ ಒತ್ತಡವನ್ನಷ್ಟೇ ಗ್ರಹಿಸುವುದರಿಂದ ಮರದ ನಾದ ಕಳೆದುಹೋಗಿ, ತಗಡು ಬಡಿದಂಥ ಕರ್ಕಶ ಸದ್ದು ಸ್ಪೀಕರಿನಿಂದ ಬರುತ್ತದೆ. ಗಣೇಶೋತ್ಸವದ ಚಪ್ಪರಗಳಲ್ಲಿ ಇದನ್ನು ಕೇಳಿ ಕೇಳಿ ಗಿಟಾರಿನ ಸದ್ದೇ ಹೀಗೆಂದು ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಮೇಟನ್ನಿನ ಎಪಿ 5 ಪ್ರೋ ವ್ಯವಸ್ಥೆ ಪೀಜೋ ಜೊತೆಗೆ ದೇಹದ ಒಳಗೊಂದು ಪುಟ್ಟ ಮೈಕನ್ನೂ ಇಟ್ಟಿದೆ. ಎಷ್ಟು ಮೈಕ್ ಬೇಕೆಂಬುದನ್ನು ನುಡಿಸುವವರೇ ನಿರ್ಧರಿಸಬಹುದು. ಕೋಲ್ ಕ್ಲಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೆಲಸವನ್ನು ಮೂವರಿಗೆ ಹಂಚಿದೆ: ಕೆಳಸ್ಥಾಯಿಗೆ ಸ್ಯಾಡಲ್ ಕೆಳಗಿನ ಪೀಜೋ, ಮೇಲ್ಹಲಗೆಯ ಕಂಪನಕ್ಕೆ ಒಳಗಿನಿಂದ ಅಂಟಿಸಿದ ಸಂವೇದಕ, ಮೇಲುಸ್ಥಾಯಿಯ ಹೊಳಪಿಗೆ ಕಂಡೆನ್ಸರ್ ಮೈಕ್. ಹಲಗೆಯನ್ನು ಬೆರಳ ತುದಿಯಿಂದ ತಟ್ಟಿದರೆ ಆ ತಟ್ಟು ಸ್ಪೀಕರಿನಲ್ಲಿ ಮರದ ತಟ್ಟಾಗಿಯೇ ಕೇಳುತ್ತದೆ. ಕೋಣೆಯಲ್ಲಿ ಹಿಂಜರಿಯುವ ಅದೇ ಫ್ಯಾಟ್ ಲೇಡಿ ಸಭಾಭವನದ ಹಿಂದಿನ ಸಾಲಿಗೆ ತಲುಪಿದ ಬಗೆಯನ್ನು ಕೇಳಿದಾಗ, ಕಂಪನಿ ತನ್ನ ಬುದ್ಧಿಯನ್ನೆಲ್ಲ ಎಲ್ಲಿ ಹೂಡಿದೆಯೆಂಬುದು ಸ್ಪಷ್ಟವಾಯಿತು.

ಆದರೆ ಒಳಗಿನ ಮೈಕಿಗೆ ಬಯಲು ವೇದಿಕೆ ಕಷ್ಟಕರ. ಕಾರವಾರದ ಟಾಗೋರ್ ಕಡಲತೀರದಂಥ ಜಾಗದಲ್ಲಿ ಗಾಳಿಯ ಸದ್ದನ್ನು ಮೀರಲೆಂದು ಮಾನಿಟರ್ ಸ್ಪೀಕರುಗಳನ್ನು ಕಾಲ ಬುಡದಲ್ಲಿಟ್ಟು ಜೋರು ಮಾಡುತ್ತಾರೆ. ಆಗ ಮೈಕಿನ ಪ್ರಮಾಣ ಸ್ವಲ್ಪ ಹೆಚ್ಚಿದರೂ ಸ್ಪೀಕರಿನ ಸದ್ದು ಮೈಕಿಗೇ ಮರಳಿ ಗಿಟಾರ್ ಕೂಗತೊಡಗುತ್ತದೆ. ಅಂಥಲ್ಲಿ ಮೈಕನ್ನು ಬಹುಪಾಲು ಇಳಿಸಿ ನುಡಿಸಬೇಕು. ಹಾಗೆ ಇಳಿಸಿದ ಮೇಲೆಯೂ ಕೋಲ್ ಕ್ಲಾರ್ಕಿನಲ್ಲಿ ಹಲಗೆಯ ಸಂವೇದಕ ಉಳಿದಿರುವುದರಿಂದ ಮರದ ನಾದ ಪೂರ್ತಿ ಕೈಬಿಡುವುದಿಲ್ಲ. ಮೇಟನ್ನಿನಲ್ಲಿ ಉಳಿಯುವುದು ಪೀಜೋ ಮಾತ್ರ, ಒಳ್ಳೆಯ ಪೀಜೋ ಆದರೂ ಅದು ಪೀಜೋವೇ. ಬಯಲಿನಲ್ಲಿ, ಕಾರ್ಡ್ ಬಾರಿಸುವ ಕೆಲಸವೇ ಹೆಚ್ಚಿರುವಾಗ ನಾನು ಕೋಲ್ ಕ್ಲಾರ್ಕನ್ನು ಕೇಳಿ ಪಡೆಯುತ್ತೇನೆ. ಗಾಯಕಿಯೊಬ್ಬರ ಜೊತೆ ಸಭಾಭವನದಲ್ಲಿ ನುಡಿಸುವಾಗ ಮೇಟನ್ನೇ ಬೇಕೆನ್ನಿಸುತ್ತದೆ. ಕಪ್ಪು ಒಂದರ ಶ್ರುತಿಗೆಂದು ಮೊದಲ ಮನೆಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಮ್ಮೆಗೇ ಒತ್ತಿಹಿಡಿಯುವ ಹಿಡಿಕೆ) ಹಾಕಿದರೂ ಅದರ ಸ್ವರಸ್ಥಾನಗಳು ಕದಲದೆ ನಿಂತವು. ಕೋಲ್ ಕ್ಲಾರ್ಕಿನಲ್ಲಿ ಮಂದ್ರದ ತಂತಿಯನ್ನು ಮತ್ತೆ ಸರಿಮಾಡಿಕೊಳ್ಳಬೇಕಾಯಿತು. ಅದು ಆ ಒಂದು ವಾದ್ಯದ ದೋಷವಿರಬಹುದು.

ನಮ್ಮ ಹವೆಯಲ್ಲಿ ಇವು ಹೇಗೆ ಬಾಳುತ್ತವೆ ಎಂಬ ಪ್ರಶ್ನೆ ಬೆಲೆಯಷ್ಟೇ ಮುಖ್ಯ. ಪ್ಲೈವುಡ್ ಅಲ್ಲದ, ಇಡೀ ಮರದ ಗಿಟಾರಿಗೆ ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿರಬೇಕೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ; ಆಷಾಢ ಶ್ರಾವಣಗಳಲ್ಲಿ ನಮ್ಮ ಕರಾವಳಿಯಲ್ಲಿ ಅದು ಶೇಕಡಾ 90ರ ಹತ್ತಿರ ಸುಳಿದಾಡುತ್ತದೆ. ಮರ ನೀರು ಕುಡಿದು ಮೇಲ್ಹಲಗೆ ಉಬ್ಬುತ್ತದೆ, ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಮೇಲೇರುತ್ತದೆ, ತಂತಿ ಕತ್ತಿನ ಮೇಲಿನ ಲೋಹದ ಗೆರೆಗಳಾದ ಫ್ರೆಟ್ಟುಗಳಿಂದ ದೂರವಾಗಿ ಎಡಗೈ ಬೆರಳು ನೋಯತೊಡಗುತ್ತದೆ, ನಾದ ಮಂಕಾಗುತ್ತದೆ. ಎರಡೂ ಗಿಟಾರುಗಳಲ್ಲಿ ಇದು ಕಂಡಿತು. ಸ್ಪ್ರೂಸ್ ಹಲಗೆಯ ಮೇಟನ್ನಿನಲ್ಲಿ ಹೆಚ್ಚು, ಬುನ್ಯಾದಲ್ಲಿ ಕಡಿಮೆ. ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳನ್ನಿಟ್ಟು, ನುಡಿಸದ ಹೊತ್ತಿನಲ್ಲಿ ಮುಚ್ಚಿಡುವುದರ ಹೊರತು ಬೇರೆ ದಾರಿಯಿಲ್ಲ. ಚೀಲಗಳನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಉಪ್ಪುಗಾಳಿಗೆ ಸಾದಾ ತಂತಿಗಳು ಬೇಗ ತುಕ್ಕು ಹಿಡಿಯುವುದರಿಂದ ಲೇಪನವಿರುವ ತಂತಿಗಳೇ ಇಲ್ಲಿಗೆ ಸರಿ. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಮಳೆ ಮಾತ್ರ ಅಲ್ಲಿಯೂ ಬಿಡುವುದಿಲ್ಲ.

ಕೋಲ್ ಕ್ಲಾರ್ಕಿನ ರಚನೆಯಲ್ಲಿ ಇನ್ನೊಂದು ವಿಚಾರವಿದೆ. ಸ್ಪ್ಯಾನಿಷ್ ಗಿಟಾರುಗಳ ಹಳೆಯ ಪದ್ಧತಿಯಂತೆ ಅದರ ಕತ್ತು ಮತ್ತು ದೇಹ ಒಂದಾಗಿಯೇ ಕಟ್ಟಿದ್ದು, ಆಮೇಲೆ ತಂದು ಜೋಡಿಸಿದ್ದಲ್ಲ. ಕಂಪನ ಸರಾಗವಾಗಿ ಹರಿಯುತ್ತದೆಂಬುದು ಇದರ ಗುಣ. ಮುಂದೆಂದಾದರೂ ಕತ್ತಿನ ಕೋನ ಸರಿಪಡಿಸಬೇಕಾಗಿ ಬಂದರೆ ಸಾಮಾನ್ಯ ಗಿಟಾರಿನಂತೆ ಬಿಚ್ಚಿ ಕೂರಿಸಲಾಗುವುದಿಲ್ಲವೆಂಬುದು ಇದರ ತೊಡಕು. ತಿಂಗಳುಗಟ್ಟಲೆ ಮಳೆ ಸುರಿಯುವ ಊರಿನಲ್ಲಿ, ಅಂಥ ಕೆಲಸ ಬಲ್ಲ ಕುಶಲಕರ್ಮಿ ಹತ್ತಿರದಲ್ಲಿಲ್ಲದಿರುವಾಗ, ಇದನ್ನು ಸಣ್ಣ ವಿಷಯವೆನ್ನಲಾಗದು.

ಬೆಲೆಗೆ ಬಂದರೆ, ಎರಡೂ ಕಂಪನಿಗಳ ಈ ದರ್ಜೆಯ ಮಾದರಿಗಳು ಆಸ್ಟ್ರೇಲಿಯಾದಲ್ಲಿಯೇ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ಮೀರುತ್ತವೆ. ಸಾಗಣೆ, ವಿಮೆ, ಆಮದು ಸುಂಕ, ಜಿಎಸ್‌ಟಿಗಳು ಸೇರಿದಾಗ ಆಗುವ ಮೊತ್ತಕ್ಕೆ ಭಾರತದಲ್ಲಿ ಸುಲಭವಾಗಿ ದೊರೆಯುವ ಟೇಲರ್ ಅಥವಾ ಮಾರ್ಟಿನ್ ಗಿಟಾರುಗಳೂ ಸಿಗುತ್ತವೆ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಇವನ್ನು ಕೈಯಲ್ಲಿ ಹಿಡಿದು ನುಡಿಸಿ ನೋಡಿ ಕೊಳ್ಳುವ ಅವಕಾಶವಿಲ್ಲ. ತಿಂಗಳಿಗೆ ಹಲವು ಕಾರ್ಯಕ್ರಮ ಕೊಡುವ, ಪ್ರತಿ ಊರಿನಲ್ಲೂ ಬೇರೆ ಬೇರೆ ಧ್ವನಿವರ್ಧಕದವರ ಕೈಗೆ ಸಿಕ್ಕಿಕೊಳ್ಳುವ ವಾದಕರಿಗೆ ಈ ವೆಚ್ಚ ಸಾರ್ಥಕವೆಂದು ನಾನು ಹೇಳಬಲ್ಲೆ, ಏಕೆಂದರೆ ಎಂಥ ಕೆಟ್ಟ ಮಿಕ್ಸರ್ ಸಿಕ್ಕಿದರೂ ಇವುಗಳ ನಾದ ಪೂರ್ತಿ ಹಾಳಾಗುವುದಿಲ್ಲ. ಉಳಿದವರು ಒಳ್ಳೆಯ ಯಮಾಹಾ ಒಂದನ್ನು ಕೊಂಡು, ಮಿಕ್ಕ ಹಣದಲ್ಲಿ ನಾದವನ್ನು ಧ್ವನಿವರ್ಧಕಕ್ಕೆ ಕಳಿಸುವ ಬೇರೆಯ ಪಿಕಪ್ ಹಾಕಿಸಿಕೊಳ್ಳುವುದೇ ಜಾಣತನ.

ಊರಿಗೆ ಮರಳುವ ನೆಂಟರಿಷ್ಟರ ಕೈಯಲ್ಲಿ ಬಳಸಿದ ಗಿಟಾರ್ ತರಿಸುವವರು, ಫೋಟೊ ನೋಡಿ ಒಪ್ಪುವ ಮುನ್ನ ವಿಡಿಯೊ ಕರೆಯಲ್ಲಿ ಕೆಲವನ್ನು ತೋರಿಸಿಕೊಳ್ಳಬೇಕು: ಬ್ರಿಡ್ಜಿನ ಹಿಂದೆ ಹಲಗೆ ಉಬ್ಬಿದೆಯೇ, ಸ್ಯಾಡಲ್ ತೀರಾ ತಗ್ಗಿಸಿದ್ದಾರೆಯೇ, ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯ ಎತ್ತರವೆಷ್ಟು, ಪಿಕಪ್ಪಿನ ಗುಂಡಿಗಳನ್ನು ತಿರುಗಿಸುವಾಗ ಕರಕರ ಸದ್ದು ಬರುತ್ತದೆಯೇ. ಕೋಲ್ ಕ್ಲಾರ್ಕ್ ಆದರೆ ಪೀಜೋ, ಹಲಗೆಯ ಸಂವೇದಕ ಮತ್ತು ಮೈಕ್ ಮೂರನ್ನೂ ಒಂದೊಂದಾಗಿ ಕೇಳಿಸಿಕೊಳ್ಳಬೇಕು, ಏಕೆಂದರೆ ಮೂರರಲ್ಲಿ ಒಂದು ಕೆಟ್ಟಿದ್ದರೂ ಉಳಿದೆರಡರ ಸದ್ದಿನಲ್ಲಿ ಅದು ಸುಲಭವಾಗಿ ಮುಚ್ಚಿಹೋಗುತ್ತದೆ. ಪ್ರಯಾಣಕ್ಕೆ ಮುನ್ನ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲೇ ಕಳುಹಿಸುವಂತೆ ಒತ್ತಾಯಿಸಬೇಕು. ಬಟ್ಟೆಯ ಚೀಲದಲ್ಲಿ ತರುತ್ತೇನೆಂದರೆ ಒಪ್ಪಬಾರದು.